ಅಳತೆಗೋಲಿನ ಜಗಳ: ಚೀನಾದ ಏಳಿಗೆ, ಮಾನವ ಹಕ್ಕು ಮತ್ತು ವಿದೇಶಾಂಗ ನೀತಿ

2022ರ ಅಕ್ಟೋಬರ್ 6ರಂದು ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಮುಂದೆ ಒಂದು ಸಣ್ಣ ಪ್ರಶ್ನೆ ಮತಕ್ಕೆ ಬಂತು. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಉಯಿಗರ್ ಮುಸ್ಲಿಮರ ಸ್ಥಿತಿಗತಿಯ ಬಗ್ಗೆ ಮುಂದಿನ ಅಧಿವೇಶನದಲ್ಲಿ ಚರ್ಚೆ ಮಾಡಬೇಕೇ, ಬೇಡವೇ? ಖಂಡನೆಯ ಮಾತಿರಲಿಲ್ಲ, ತನಿಖೆಯ ಮಾತಿರಲಿಲ್ಲ. ಕೂತು ಮಾತಾಡೋಣವೇ ಎಂದಷ್ಟೇ ಕೇಳಲಾಗಿತ್ತು. ಅದಕ್ಕೆ ಐದು ವಾರ ಮೊದಲು, ಆಗಸ್ಟ್ 31ರ ತಡರಾತ್ರಿ, ತಮ್ಮ ಅಧಿಕಾರಾವಧಿ ಮುಗಿಯಲು ಕೆಲವೇ ನಿಮಿಷಗಳಿರುವಾಗ, ಮಾನವ ಹಕ್ಕುಗಳ ಹೈಕಮಿಷನರ್ ಮಿಶೆಲ್ ಬ್ಯಾಶಲೆ ಅವರ ಕಚೇರಿ ಒಂದು ವರದಿಯನ್ನು ಹೊರಹಾಕಿತ್ತು. ಷಿನ್‌ಜಿಯಾಂಗ್‌ನಲ್ಲಿ ನಡೆದಿರುವುದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ಆ ವರದಿ ಹೇಳಿತ್ತು. ಆದರೂ ಮತ ಎಣಿಸಿದಾಗ ಚರ್ಚೆಯ ಪರ 17, ವಿರುದ್ಧ 19. ಭಾರತವೂ ಸೇರಿದಂತೆ 11 ದೇಶಗಳು ದೂರ ಉಳಿದವು. ಪಾಕಿಸ್ತಾನ, ಇಂಡೊನೇಷ್ಯಾ, ಕತಾರ್, ಸಂಯುಕ್ತ ಅರಬ್ ಸಂಸ್ಥಾನಗಳು ಚರ್ಚೆಯೇ ಬೇಡ ಎಂದವು. ಮುಸ್ಲಿಂ ದೇಶಗಳ ಸಂಘಟನೆಗೆ ಸೇರಿದ ಸದಸ್ಯರಲ್ಲಿ ಚರ್ಚೆಯ ಪರ ಕೈ ಎತ್ತಿದ್ದು ಸೊಮಾಲಿಯಾ ಒಂದೇ.

ಆ ಎರಡು ಮತಗಳ ಅಂತರದ ಹಿಂದೆ ಮುಕ್ಕಾಲು ಶತಮಾನದ ಕಥೆಯಿದೆ. ಒಂದು ದೇಶ ತನ್ನ ಪ್ರಜೆಗಳನ್ನು ನಡೆಸಿಕೊಳ್ಳುವ ರೀತಿಗೂ ಲೋಕದೊಂದಿಗೆ ವ್ಯವಹರಿಸುವ ರೀತಿಗೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಚೀನಾದಷ್ಟು ತೀವ್ರವಾಗಿ ಬೇರೆ ಯಾವ ದೇಶವೂ ಎತ್ತಿಲ್ಲ. ಉತ್ತರ ಹೇಳಿದವರು ಹಲವರು. ಹಕ್ಕುಗಳ ವಿಷಯದಲ್ಲಿ ಚೀನಾದ ವಿದೇಶಾಂಗ ನೀತಿ ಕಾಯುತ್ತಿರುವುದು ತನ್ನನ್ನು ಯಾರೂ ಅಳೆಯದಂಥ ಒಂದು ಸ್ಥಿತಿಯನ್ನು ಎಂಬುದು ಈ ಲೇಖನದ ವಾದ. ಬಲ ಇಲ್ಲದಿದ್ದಾಗ ಅದು ಅಳತೆಗೋಲಿನಿಂದ ತಪ್ಪಿಸಿಕೊಂಡಿತು. ಬಲ ಬಂದ ಮೇಲೆ ಕೋಲನ್ನೇ ಬದಲಿಸಲು ಹೊರಟಿದೆ.

ಮರೆತುಹೋದ ಆರಂಭ

ಮಾನವ ಹಕ್ಕು ಎಂಬುದು ಪಶ್ಚಿಮದವರ ಸರಕು ಎಂಬ ಮಾತನ್ನು ಬೀಜಿಂಗ್ ಆಗಾಗ ಆಡುತ್ತದೆ, ನಮ್ಮಲ್ಲೂ ಆ ಮಾತಿಗೆ ತಲೆದೂಗುವವರಿದ್ದಾರೆ. ಚೀನಾದ ಚರಿತ್ರೆಯೇ ಅದನ್ನು ಒಪ್ಪುವುದಿಲ್ಲ. 1948ರ ಡಿಸೆಂಬರ್ 10ರಂದು ಅಂಗೀಕಾರಗೊಂಡ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ರೂಪಿಸಿದವರಲ್ಲಿ ಚೀನಾ ಗಣರಾಜ್ಯದ ಪ್ರತಿನಿಧಿ ಪಿ.ಸಿ. ಚಾಂಗ್ ಪ್ರಮುಖರು. ಎಲೀನರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದ ಆಯೋಗಕ್ಕೆ ಅವರು ಉಪಾಧ್ಯಕ್ಷರು. ಮನುಷ್ಯನನ್ನು ವಿವೇಚನೆಯುಳ್ಳ ಪ್ರಾಣಿ ಎಂದಷ್ಟೇ ವರ್ಣಿಸಿದರೆ ಸಾಲದು ಎಂದು ವಾದಿಸಿದ ಅವರು ಕನ್ಫ್ಯೂಷಿಯಸ್ ಪರಂಪರೆಯ ‘ರೆನ್’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಚೀನೀ ಬರಹದಲ್ಲಿ ಮನುಷ್ಯ ಎಂಬ ಚಿಹ್ನೆಯ ಪಕ್ಕ ಎರಡು ಎಂಬ ಚಿಹ್ನೆ ಇಟ್ಟರೆ ಆ ಅಕ್ಷರ. ಇನ್ನೊಬ್ಬನ ಇರವನ್ನು ತನ್ನೊಳಗೆ ಬಲ್ಲ ಗುಣ ಅದು. ಘೋಷಣೆಯ ಮೊದಲ ವಿಧಿಯಲ್ಲಿ ವಿವೇಚನೆಯ ಜೊತೆಗೆ ಅಂತಃಸಾಕ್ಷಿಯೂ ಸೇರಿದ್ದಕ್ಕೆ ಮೂಲ ಈ ವಾದ.

ಮರುವರ್ಷ ಚೀನಾದಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂತು. 1971ರವರೆಗೆ ಬೀಜಿಂಗ್‌ಗೆ ವಿಶ್ವಸಂಸ್ಥೆಯಲ್ಲಿ ಸ್ಥಾನವೇ ಇರಲಿಲ್ಲ. ವಿಷಾದದ ಸಂಗತಿಯೆಂದರೆ ಚೀನೀಯರು ಅತ್ಯಂತ ಹೆಚ್ಚು ನರಳಿದ ವರ್ಷಗಳಲ್ಲೇ ಹೊರಗಿನ ಲೋಕ ಅತ್ಯಂತ ಕಡಿಮೆ ಮಾತಾಡಿತು. 1958ರಲ್ಲಿ ಮಾವೊ ಆರಂಭಿಸಿದ ‘ಮಹಾ ಮುನ್ನೆಗೆತ’ ತಂದ ಕ್ಷಾಮದಲ್ಲಿ ಸತ್ತವರು ಕಡಿಮೆ ಅಂದಾಜಿನಲ್ಲೂ ಒಂದೂವರೆ ಕೋಟಿ. ಮೂರು ಕೋಟಿ ಅಥವಾ ಅದಕ್ಕಿಂತ ಹೆಚ್ಚು ಎನ್ನುವ ವಿದ್ವಾಂಸರಿದ್ದಾರೆ. 1966ರಿಂದ ಹತ್ತು ವರ್ಷ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಕಾನೂನು ಎಂಬುದೇ ಉಳಿಯಲಿಲ್ಲ. ಆ ಕ್ರಾಂತಿ ಇನ್ನೂ ನಡೆಯುತ್ತಿದ್ದ 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೆ ಹೋಗಿ ಮಾವೊ ಕೈ ಕುಲುಕಿದರು. ಸೋವಿಯತ್ ಒಕ್ಕೂಟವನ್ನು ಹಣಿಯಲು ಚೀನಾ ಬೇಕಾಗಿತ್ತು. ಸೋವಿಯತ್ ಭಿನ್ನಮತೀಯರಿಗಾಗಿ ಮಿಡಿದ ಮನಸ್ಸುಗಳು ಚೀನಾದ ಸೆರೆಯಾಳುಗಳನ್ನು ಕಾಣಲಿಲ್ಲ. ರಾಬರ್ಟಾ ಕೋಹೆನ್ 1987ರಲ್ಲಿ ಬರೆದ ಪ್ರಬಂಧದಲ್ಲಿ ಚೀನಾವನ್ನು ಮಾನವ ಹಕ್ಕಿನ ಲೋಕದ ಅಪವಾದ ಎಂದು ಕರೆದದ್ದು ಈ ಕಾರಣಕ್ಕೆ.

ಟಿಬೆಟ್ ಕೂಡ ಈ ಅವಧಿಯ ಕಥೆ, ಮತ್ತು ಅಲ್ಲಿ ಭಾರತವೂ ಪಾತ್ರಧಾರಿ. 1954ರ ಏಪ್ರಿಲ್‌ನಲ್ಲಿ ಸಹಿಯಾದ ಪಂಚಶೀಲ ಒಪ್ಪಂದ ಟಿಬೆಟ್ ಪ್ರದೇಶದೊಂದಿಗಿನ ವ್ಯಾಪಾರ ಮತ್ತು ಸಂಪರ್ಕಕ್ಕಾಗಿ ಆಗಿದ್ದು ಎಂಬುದನ್ನು ನಾವು ಮರೆಯುತ್ತೇವೆ. ಪರಸ್ಪರ ಆಂತರಿಕ ವಿಷಯಗಳಲ್ಲಿ ತಲೆಹಾಕಬಾರದು ಎಂಬ ತತ್ತ್ವ ಆ ಕರಾರಿನ ಪೀಠಿಕೆಯಲ್ಲೇ ಇದೆ. ಐದು ವರ್ಷದಲ್ಲಿ ಲ್ಹಾಸಾ ದಂಗೆಯೆದ್ದಿತು, ದಲೈಲಾಮಾ ಗಡಿ ದಾಟಿ ಬಂದರು. 1959ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಟಿಬೆಟ್ ಬಗ್ಗೆ ನಿರ್ಣಯ ಮಾಡಿದಾಗ ಭಾರತ ಮತ ಹಾಕದೆ ಉಳಿಯಿತು. ಚೀನಾದೊಂದಿಗೆ ಯುದ್ಧವಾದ ನಂತರ, 1965ರ ನಿರ್ಣಯಕ್ಕೆ ಬೆಂಬಲ ಕೊಟ್ಟಿತು. ಹಕ್ಕಿನ ಪ್ರಶ್ನೆ ರಾಜಕೀಯದ ಗಾಳಿಗೆ ತಿರುಗುವುದಕ್ಕೆ ನಮ್ಮದೇ ಮನೆಯ ಉದಾಹರಣೆ ಇದು.

ತಿಯಾನನ್ಮೆನ್ ತಂದ ತಿರುವು

1989ರ ಜೂನ್ 3–4ರ ರಾತ್ರಿ ಆ ಅಪವಾದ ಮುಗಿಯಿತು. ಬೀಜಿಂಗ್‌ನ ಬೀದಿಗಳಲ್ಲಿ ಸೈನ್ಯ ತನ್ನದೇ ಜನರ ಮೇಲೆ ಗುಂಡು ಹಾರಿಸಿದ್ದನ್ನು ಲೋಕ ಟಿ.ವಿ.ಯಲ್ಲಿ ಕಂಡಿತು. ಐರೋಪ್ಯ ಸಮುದಾಯ ಆಗ ಹೇರಿದ ಶಸ್ತ್ರಾಸ್ತ್ರ ನಿರ್ಬಂಧ ಇಂದಿಗೂ ಜಾರಿಯಲ್ಲಿದೆ. ಅದೇ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಉಪ ಆಯೋಗವೊಂದು ಚೀನಾದ ಬಗ್ಗೆ ನಿರ್ಣಯ ಮಾಡಿತು. ಭದ್ರತಾ ಮಂಡಳಿಯ ಕಾಯಂ ಸದಸ್ಯ ರಾಷ್ಟ್ರವೊಂದು ಹಕ್ಕಿನ ವೇದಿಕೆಯಲ್ಲಿ ಹಾಗೆ ಹೆಸರಿಸಲ್ಪಟ್ಟದ್ದು ಅದೇ ಮೊದಲು.

ಬೀಜಿಂಗ್ ಆಗ ಕಲಿತ ಪಾಠಗಳು ಮುಂದಿನ ಮೂರು ದಶಕ ಉಪಯೋಗಕ್ಕೆ ಬಂದವು. 1991ರಲ್ಲಿ ಅದು ಮಾನವ ಹಕ್ಕಿನ ಬಗ್ಗೆ ತನ್ನ ಮೊದಲ ಶ್ವೇತಪತ್ರ ಹೊರಡಿಸಿ, ಎಲ್ಲ ಹಕ್ಕುಗಳಿಗೂ ಮೊದಲಿನದು ಬದುಕಿ ಉಳಿಯುವ ಹಕ್ಕು ಎಂದು ಸಾರಿತು. ಹಕ್ಕಿನ ಭಾಷೆಯನ್ನು ತಿರಸ್ಕರಿಸುವ ಬದಲು ಅದರೊಳಗೇ ಜಾಗ ಮಾಡಿಕೊಳ್ಳುವ ಜಾಣ ನಡೆ ಅದು. ಜಿನೀವಾದಲ್ಲಿ ತನ್ನ ವಿರುದ್ಧ ನಿರ್ಣಯ ಬಂದಾಗಲೆಲ್ಲ ಈ ಬಗ್ಗೆ ಯಾವ ಕ್ರಮವೂ ಬೇಡ ಎಂಬ ಗೊತ್ತುವಳಿ ಮಂಡಿಸಿ ಅದನ್ನು ಬಾಗಿಲಲ್ಲೇ ತಡೆಯುತ್ತಿತ್ತು. 1995ರಲ್ಲಿ ಮಾತ್ರ ಆ ತಡೆ ಮುರಿದು, ನಿರ್ಣಯ ನೇರ ಮತಕ್ಕೆ ಬಂದು, 20ಕ್ಕೆ 21ರಂತೆ ಒಂದೇ ಮತದಿಂದ ಬಿತ್ತು. ಎಚ್ಚೆತ್ತ ಬೀಜಿಂಗ್ ಯುರೋಪನ್ನು ಒಡೆಯಲು ಮುಂದಾಯಿತು. 1997ರಲ್ಲಿ ಫ್ರಾನ್ಸ್, ಜರ್ಮನಿ ಮೊದಲಾದವು ನಿರ್ಣಯದಿಂದ ಹಿಂದೆ ಸರಿದವು, ಅದನ್ನು ಮಂಡಿಸುವ ಹೊಣೆ ಪುಟ್ಟ ಡೆನ್ಮಾರ್ಕ್‌ನ ಹೆಗಲಿಗೆ ಬಿತ್ತು. ಅದೇ ಮೇ ತಿಂಗಳಲ್ಲಿ ಫ್ರಾನ್ಸ್ ಅಧ್ಯಕ್ಷ ಶಿರಾಕ್ ಬೀಜಿಂಗ್‌ಗೆ ಹೋದಾಗ ಏರ್‌ಬಸ್ ವಿಮಾನಗಳ ದೊಡ್ಡ ಬೇಡಿಕೆ ಕೈಸೇರಿತು.

ವ್ಯಾಪಾರ ಬೆಳೆದರೆ ಸ್ವಾತಂತ್ರ್ಯವೂ ಬೆಳೆಯುತ್ತದೆಯೇ?

ಈ ಹೊತ್ತಿಗೆ ಮೊದಲ ದೊಡ್ಡ ವಾದ ರೂಪುಗೊಂಡಿತ್ತು. ಮಾರುಕಟ್ಟೆ ತೆರೆದರೆ ಮಧ್ಯಮ ವರ್ಗ ಹುಟ್ಟುತ್ತದೆ, ಅದು ಕಾನೂನಿನ ಆಳ್ವಿಕೆಯನ್ನು ಕೇಳುತ್ತದೆ, ದೇಶ ಒಳಗೂ ಹೊರಗೂ ಮೃದುವಾಗುತ್ತದೆ ಎಂಬುದು ಅದರ ತಿರುಳು. 1993ರಲ್ಲಿ ಚೀನಾದ ವ್ಯಾಪಾರ ಸವಲತ್ತನ್ನು ಅದರ ಹಕ್ಕಿನ ದಾಖಲೆಗೆ ಗಂಟುಹಾಕಿದ್ದ ಅಮೆರಿಕದ ಅಧ್ಯಕ್ಷ ಕ್ಲಿಂಟನ್ 1994ರ ಮೇ ತಿಂಗಳಲ್ಲಿ ಆ ಗಂಟನ್ನು ತಾವೇ ಬಿಚ್ಚಿದರು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಈ ವಾದ ಈಗ ಸೋತಿದೆ ಎಂದು ಹೇಳಿ ಮುಗಿಸುವುದು ಸುಲಭ. ಆದರೆ 2003ರ ಗುವಾಂಗ್‌ಝೌ ಪ್ರಕರಣ ಅಷ್ಟು ಅವಸರ ಬೇಡ ಎನ್ನುತ್ತದೆ.

ಸುನ್ ಝಿಗಾಂಗ್ ಹುಬೆ ಪ್ರಾಂತದಿಂದ ಗುವಾಂಗ್‌ಝೌಗೆ ಕೆಲಸಕ್ಕೆ ಬಂದಿದ್ದ ಇಪ್ಪತ್ತೇಳರ ಪದವೀಧರ, ವಿನ್ಯಾಸಕಾರ. ಮಾರ್ಚ್ 17ರ ರಾತ್ರಿ ಇಂಟರ್‌ನೆಟ್ ಕೇಂದ್ರಕ್ಕೆಂದು ಹೊರಟವನನ್ನು ಪೊಲೀಸರು ತಡೆದರು. ತಾತ್ಕಾಲಿಕ ವಾಸದ ಪರವಾನಗಿ ಚೀಟಿ ಅವನ ಬಳಿ ಇರಲಿಲ್ಲ. ಹಳ್ಳಿಯಿಂದ ಪೇಟೆಗೆ ಬಂದವರನ್ನು ಹಿಡಿದು ಕೂಡಿಹಾಕಿ ಊರಿಗೆ ಅಟ್ಟುವ ವ್ಯವಸ್ಥೆಯೊಂದು ಆಗ ಜಾರಿಯಲ್ಲಿತ್ತು. ಮೂರನೆಯ ದಿನ ಅವನು ಆ ಬಂಧನದಲ್ಲೇ ಹೊಡೆತ ತಿಂದು ಸತ್ತ. ಅಲ್ಲಿನ ಒಂದು ದಿನಪತ್ರಿಕೆ ಧೈರ್ಯ ಮಾಡಿ ಸುದ್ದಿ ಬರೆಯಿತು, ಸುದ್ದಿ ಇಂಟರ್‌ನೆಟ್‌ನಲ್ಲಿ ಕಾಳ್ಗಿಚ್ಚಾಯಿತು, ಮೂವರು ಯುವ ಕಾನೂನು ವಿದ್ವಾಂಸರು ಈ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ರಾಷ್ಟ್ರೀಯ ಜನಪ್ರತಿನಿಧಿ ಸಭೆಗೆ ಅರ್ಜಿ ಕೊಟ್ಟರು. ಜೂನ್‌ನಲ್ಲಿ ಸರ್ಕಾರ ಆ ವ್ಯವಸ್ಥೆಯನ್ನೇ ರದ್ದು ಮಾಡಿತು. ರಾಜ್ಯ ಮಾನವ ಹಕ್ಕುಗಳನ್ನು ಗೌರವಿಸುತ್ತದೆ ಎಂಬ ಸಾಲು 2004ರಲ್ಲಿ ಸಂವಿಧಾನ ಸೇರಿತು. ಮರಣದಂಡನೆಗಳನ್ನೆಲ್ಲ ಸರ್ವೋಚ್ಚ ನ್ಯಾಯಾಲಯವೇ ಪರಿಶೀಲಿಸಬೇಕೆಂಬ ನಿಯಮ 2007ರಲ್ಲಿ ಮರಳಿತು. ಹಾಗಾಗಿ ಬದಲಾವಣೆ ಆಗಲೇ ಇಲ್ಲ ಎನ್ನುವುದು ಸುಳ್ಳು.

ಆ ಮೂವರು ವಿದ್ವಾಂಸರಲ್ಲಿ ಒಬ್ಬರು ಷು ಝಿಯೊಂಗ್. 2023ರ ಏಪ್ರಿಲ್‌ನಲ್ಲಿ ಅವರಿಗೆ ರಾಜ್ಯಾಧಿಕಾರವನ್ನು ಬುಡಮೇಲು ಮಾಡಿದ ಆರೋಪದ ಮೇಲೆ 14 ವರ್ಷ ಸೆರೆವಾಸ ವಿಧಿಸಲಾಯಿತು. 2003ರಲ್ಲಿ ಅರ್ಜಿ ಬರೆದ ಕೈಗೆ ಇಪ್ಪತ್ತು ವರ್ಷದ ನಂತರ ಕೋಳ. 2015ರ ಜುಲೈ 9ರಿಂದ ಸುಮಾರು 300 ಹಕ್ಕುಪರ ವಕೀಲರನ್ನು ಮತ್ತು ಕಾರ್ಯಕರ್ತರನ್ನು ಹಿಡಿಯಲಾಗಿತ್ತು. ಪತ್ರಿಕೆಗಳ ಆ ಧೈರ್ಯವೂ ಅಡಗಿತ್ತು. ಮಾರುಕಟ್ಟೆ ತೆರೆದ ಬಾಗಿಲಿನಿಂದ ಬೆಳಕು ಬಂದದ್ದು ನಿಜ, ಬಾಗಿಲ ಕೀಲಿ ಪಕ್ಷದ ಸೊಂಟದಲ್ಲೇ ಇತ್ತು ಎಂಬುದೂ ನಿಜ. ಈ ಎರಡನೆಯ ಸತ್ಯವನ್ನು ಮೊದಲ ವಾದ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಪಮಾನದ ನೆನಪು

ಎರಡನೆಯ ವಾದ ಚರಿತ್ರೆಯದು. 1839ರ ಅಫೀಮು ಯುದ್ಧದಿಂದ 1949ರವರೆಗಿನ ಕಾಲವನ್ನು ಚೀನಾದ ಪಠ್ಯಪುಸ್ತಕಗಳು ಅಪಮಾನದ ಶತಮಾನ ಎಂದು ಕಲಿಸುತ್ತವೆ. ಹೊರಗಿನವರು ನಾಗರಿಕತೆಯ ಹೆಸರು ಹೇಳಿಕೊಂಡೇ ಬಂದರು, ಬಂದರುಗಳನ್ನು ಕಿತ್ತುಕೊಂಡರು, ಚೀನಾದ ನೆಲದಲ್ಲಿ ತಮ್ಮ ಕೋರ್ಟುಗಳನ್ನು ನಡೆಸಿದರು. ಇಂಥ ನೆನಪಿರುವ ದೇಶ ಸಾರ್ವಭೌಮತೆಯ ಬಗ್ಗೆ ಹಟ ಹಿಡಿಯುವುದು ಸಹಜ ಎನ್ನುತ್ತಾರೆ ಈ ವಾದದವರು. ವಸಾಹತುಶಾಹಿಯ ಪೆಟ್ಟು ತಿಂದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಆಫ್ರಿಕಾದ ದೇಶಗಳಿಗೂ ಅರ್ಥವಾಗುತ್ತದೆ. ಜಿನೀವಾದಲ್ಲಿ ಚೀನಾಕ್ಕೆ ಸಿಗುವ ಮತಗಳೆಲ್ಲ ಸಾಲದ ಋಣದಿಂದ ಬಂದವಲ್ಲ; ಒಂದಷ್ಟು ಈ ಸಹಾನುಭೂತಿಯಿಂದಲೂ ಬಂದವು.

ತೊಡಕಿರುವುದು ಆಚರಣೆಯಲ್ಲಿ. ನಿಜಕ್ಕೂ ತತ್ತ್ವವಾಗಿದ್ದರೆ ಅದು ಎರಡೂ ಕಡೆ ಅನ್ವಯಿಸಬೇಕಿತ್ತು. ನಾರ್ವೆಯ ಪ್ರಕರಣ ನೋಡಿ. ‘ಚಾರ್ಟರ್ 08’ ಎಂಬ ಪ್ರಜಾಪ್ರಭುತ್ವದ ಸನ್ನದನ್ನು ರೂಪಿಸಿದವರಲ್ಲಿ ಒಬ್ಬರಾದ ಲೇಖಕ ಲಿಯು ಷಿಯಾವೊಬೊ ಅವರಿಗೆ 2009ರ ಕ್ರಿಸ್‌ಮಸ್ ದಿನ 11 ವರ್ಷ ಸೆರೆ ವಿಧಿಸಲಾಯಿತು. ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಪ್ರಶಸ್ತಿ ಕೊಡುವ ಸಮಿತಿ ನಾರ್ವೆ ಸರ್ಕಾರದ ಇಲಾಖೆಯಲ್ಲ. ಆದರೂ ಚೀನಾ ನಾರ್ವೆಯೊಂದಿಗೆ ರಾಜತಾಂತ್ರಿಕ ಮಾತುಕತೆ ನಿಲ್ಲಿಸಿತು. ನಾರ್ವೆಯ ಸಾಲ್ಮನ್ ಮೀನಿಗೆ ಚೀನಾದ ಬಂದರುಗಳಲ್ಲಿ ಹೊಸ ಹೊಸ ತಪಾಸಣೆಗಳು ಶುರುವಾದವು. ತಾಜಾ ಮೀನು ತಪಾಸಣೆಗೆ ದಿನಗಟ್ಟಲೆ ಕಾದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಸಮಾರಂಭಕ್ಕೆ ಹೋಗಬೇಡಿ ಎಂದು ಇತರ ದೇಶಗಳ ಮೇಲೂ ಒತ್ತಡ ಬಂತು. ಹದಿನೈದಕ್ಕೂ ಹೆಚ್ಚು ದೇಶಗಳು ಹೋಗಲಿಲ್ಲ, ಭಾರತದ ರಾಯಭಾರಿ ಹೋದರು. ಆ ಡಿಸೆಂಬರ್ 10ರಂದು ಓಸ್ಲೊದ ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ ಇತ್ತು, ಪದಕ ಮತ್ತು ಪ್ರಶಸ್ತಿ ಪತ್ರವನ್ನು ಆ ಕುರ್ಚಿಯ ಮೇಲಿಟ್ಟರು. ಆರು ವರ್ಷದ ನಂತರ, 2016ರ ಡಿಸೆಂಬರ್‌ನಲ್ಲಿ, ಚೀನಾದ ಮೂಲ ಹಿತಾಸಕ್ತಿಗಳಿಗೆ ಧಕ್ಕೆ ತರುವ ಕ್ರಮಗಳನ್ನು ಬೆಂಬಲಿಸುವುದಿಲ್ಲ ಎಂದು ನಾರ್ವೆ ಬರೆದುಕೊಟ್ಟ ಮೇಲೆ ಸಂಬಂಧ ಸರಿಹೋಯಿತು. ಏಳು ತಿಂಗಳಲ್ಲಿ ಲಿಯು ಬಂಧನದಲ್ಲಿದ್ದಂತೆಯೇ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮುಂದೆ ಈ ಕೈ ಇನ್ನೂ ಉದ್ದವಾಯಿತು. 2020ರ ಜೂನ್ 30ರಂದು ಜಾರಿಯಾದ ಹಾಂಗ್‌ಕಾಂಗ್ ರಾಷ್ಟ್ರೀಯ ಭದ್ರತಾ ಕಾನೂನಿನ 38ನೆಯ ವಿಧಿ ಹಾಂಗ್‌ಕಾಂಗ್‌ನವರಲ್ಲದವರು ಹೊರದೇಶದಲ್ಲಿ ಮಾಡಿದ್ದನ್ನೂ ಅಪರಾಧವೆನ್ನುತ್ತದೆ. 2023ರ ಜುಲೈನಲ್ಲಿ ವಿದೇಶಗಳಲ್ಲಿ ನೆಲೆಸಿದ ಎಂಟು ಮಂದಿ ಕಾರ್ಯಕರ್ತರ ಸುಳಿವಿಗೆ ತಲಾ ಹತ್ತು ಲಕ್ಷ ಹಾಂಗ್‌ಕಾಂಗ್ ಡಾಲರ್ ಬಹುಮಾನ ಸಾರಲಾಯಿತು. ಇನ್ನೊಬ್ಬರ ಮನೆಯಲ್ಲಿ ತಲೆಹಾಕಬಾರದು ಎಂಬ ತತ್ತ್ವದಿಂದ ಇವನ್ನು ಸಮರ್ಥಿಸಿಕೊಳ್ಳಲು ದಾರಿಯಿಲ್ಲ. ಅಪಮಾನದ ನೆನಪು ಚೀನೀ ಜನರಲ್ಲಿ ನಿಜವಾಗಿಯೂ ಇದೆ, ಆದರೆ ನೀತಿ ರೂಪಿಸುವವರು ಅದನ್ನು ಯಾವಾಗ ಬಳಸಬೇಕು, ಯಾವಾಗ ಬದಿಗಿಡಬೇಕು ಎಂದು ಆರಿಸಿಕೊಳ್ಳುತ್ತಾರೆ.

ಎಣ್ಣೆ, ಒಲಿಂಪಿಕ್ಸ್ ಮತ್ತು ದಾರ್ಫುರ್

ಮೂರನೆಯ ವಾದ ಹಿತಾಸಕ್ತಿಯದು, ನಾಲ್ಕನೆಯದು ಸಹವಾಸದ್ದು. ಮೊದಲಿನವರ ಪ್ರಕಾರ ಚೀನಾ ಎಲ್ಲ ಬಲಾಢ್ಯ ದೇಶಗಳಂತೆ ಎಣ್ಣೆ, ಅದಿರು, ಮಾರುಕಟ್ಟೆ ನೋಡುತ್ತದೆ. ಎದುರಿಗಿರುವ ಸರ್ಕಾರ ಕ್ರೂರವೋ ದಯಾಳುವೋ ಎಂಬುದು ಅದಕ್ಕೆ ಸಂಬಂಧವಿಲ್ಲ. ಎರಡನೆಯವರು, ಅಂದರೆ ರೋಸ್‌ಮೇರಿ ಫೂಟ್, ಆ್ಯನ್ ಕೆಂಟ್ ಮೊದಲಾದ ವಿದ್ವಾಂಸರು, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಕೂತು ಕೂತು ಚೀನಾ ಅಲ್ಲಿನ ನಡಾವಳಿಯನ್ನು ಎಷ್ಟು ಕಲಿತಿದೆ, ಎಷ್ಟು ಕಲಿತಿಲ್ಲ ಎಂದು ಹುಡುಕಿದರು. ಈ ಎರಡೂ ವಾದಗಳಿಗೆ ಒರೆಗಲ್ಲು ಸುಡಾನ್.

ಸುಡಾನಿನ ಮುಖ್ಯ ತೈಲ ಒಕ್ಕೂಟದಲ್ಲಿ ಚೀನಾದ ಸರ್ಕಾರಿ ಕಂಪನಿಗೆ ಶೇ 40ರಷ್ಟು ಪಾಲಿತ್ತು. ಭಾರತದ ಒಎನ್‌ಜಿಸಿ ವಿದೇಶ್ ಕೂಡ 2003ರಲ್ಲಿ ಅದೇ ಒಕ್ಕೂಟದ ಶೇ 25ರಷ್ಟು ಪಾಲನ್ನು ಕೊಂಡಿತು ಎಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅದೇ ವರ್ಷ ದಾರ್ಫುರ್‌ನಲ್ಲಿ ಸರ್ಕಾರಿ ಬೆಂಬಲದ ಪಡೆಗಳು ಹಳ್ಳಿಗಳನ್ನು ಸುಡತೊಡಗಿದವು. ಆರಂಭದ ವರ್ಷಗಳಲ್ಲಿ ಚೀನಾ ಭದ್ರತಾ ಮಂಡಳಿಯಲ್ಲಿ ಖಾರ್ಟೂಮ್‌ನ ಗುರಾಣಿಯಾಗಿತ್ತು. ಆದರೆ 2007ರಲ್ಲಿ ಬೀಜಿಂಗ್ ಒಲಿಂಪಿಕ್ಸನ್ನು ನರಮೇಧದ ಒಲಿಂಪಿಕ್ಸ್ ಎಂದು ಕರೆಯುವ ಪ್ರಚಾರ ಶುರುವಾಯಿತು, ನಟಿ ಮಿಯಾ ಫ್ಯಾರೊ ಅದರ ಮುಂಚೂಣಿಯಲ್ಲಿದ್ದರು. ಮೇ ತಿಂಗಳಲ್ಲಿ ಚೀನಾ ದಾರ್ಫುರ್‌ಗೆಂದೇ ವಿಶೇಷ ಪ್ರತಿನಿಧಿಯನ್ನು ನೇಮಿಸಿತು. ಜುಲೈ 31ರಂದು ಶಾಂತಿಪಾಲನಾ ಪಡೆ ಕಳಿಸುವ ನಿರ್ಣಯಕ್ಕೆ ಮತ ಹಾಕಿತು, ಸುಡಾನನ್ನು ಒಪ್ಪಿಸಿತು, ತನ್ನ ಎಂಜಿನಿಯರುಗಳನ್ನೂ ಕಳಿಸಿತು.

ಬರಿಯ ಎಣ್ಣೆಯ ಲೆಕ್ಕವಾಗಿದ್ದರೆ ಈ ತಿರುವು ಬೇಕಿರಲಿಲ್ಲ. ಹಾಗೆಂದು ಚೀನಾ ಹೊಸ ಮೌಲ್ಯ ಕಲಿಯಿತು ಎನ್ನುವಂತೆಯೂ ಇಲ್ಲ. ಅದೇ 2007ರ ಜನವರಿಯಲ್ಲಿ ಮ್ಯಾನ್ಮಾರ್ ಬಗೆಗಿನ ನಿರ್ಣಯಕ್ಕೆ, ಮರುವರ್ಷ ಜಿಂಬಾಬ್ವೆ ಬಗೆಗಿನ ನಿರ್ಣಯಕ್ಕೆ ರಷ್ಯಾದೊಂದಿಗೆ ಸೇರಿ ಅದು ವೀಟೊ ಹಾಕಿತು. 2011ರಲ್ಲಿ ಲಿಬಿಯಾ ಪ್ರಕರಣವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಲು ಮತ ಹಾಕಿತು, ಸೇನಾ ಕ್ರಮದ ನಿರ್ಣಯವನ್ನು ತಡೆಯಲಿಲ್ಲ. ಆ ಕ್ರಮ ಗಡಾಫಿಯ ಪತನದಲ್ಲಿ ಮುಗಿದದ್ದನ್ನು ಕಂಡ ಮೇಲೆ ಸಿರಿಯಾ ವಿಷಯದಲ್ಲಿ ಮತ್ತೆ ಮತ್ತೆ ವೀಟೊ ಹಾಕಿತು. ಜನರ ರಕ್ಷಣೆಯ ಹೆಸರಿನಲ್ಲಿ ಆಳುವವರನ್ನೇ ಕೆಳಗಿಳಿಸುವುದು ಎಂಬಲ್ಲಿಗೆ ಬಂದಾಗ ಅದರ ಸಹನೆ ಮುಗಿಯುತ್ತದೆ. ಈ ಗೆರೆ ನಮ್ಮನ್ನು ಐದನೆಯ ವಾದದತ್ತ ತರುತ್ತದೆ.

ಪಕ್ಷದ ಉಳಿವು

ಸೂಸನ್ ಶರ್ಕ್ 2007ರಲ್ಲಿ ಚೀನಾವನ್ನು ಒಳಗೆ ದುರ್ಬಲವಾದ ಮಹಾಶಕ್ತಿ ಎಂದು ವರ್ಣಿಸಿದರು. ಹೊರಗೆ ಗಟ್ಟಿಯಾಗಿ ಮಾತಾಡುವ ನಾಯಕರು ತಮ್ಮದೇ ಜನರ ಬಗ್ಗೆ ಅಂಜಿಕೆಯಲ್ಲಿರುತ್ತಾರೆ ಎಂಬುದು ಈ ವಾದದ ಬುಡ. ಮೇಲಿನ ಎಲ್ಲ ಪ್ರಕರಣಗಳನ್ನೂ ಒಂದೇ ದಾರದಲ್ಲಿ ಪೋಣಿಸಬಲ್ಲದ್ದು ಇದೊಂದೇ ಎಂದು ನನಗೆ ಅನ್ನಿಸುತ್ತದೆ. ದಾರ್ಫುರ್‌ನಲ್ಲಿ ಬಗ್ಗಿದ ಚೀನಾ ಲಿಯು ವಿಷಯದಲ್ಲಿ ಏಕೆ ಕೂದಲೆಳೆಯಷ್ಟೂ ಬಗ್ಗಲಿಲ್ಲ? ದಾರ್ಫುರ್‌ನಲ್ಲಿ ಪಣಕ್ಕಿದ್ದದ್ದು ಒಂದಷ್ಟು ಎಣ್ಣೆ, ಒಬ್ಬ ಮಿತ್ರ. ಲಿಯು ವಿಷಯದಲ್ಲಿ ಪಣಕ್ಕಿದ್ದದ್ದು ಪಕ್ಷವನ್ನು ಪ್ರಶ್ನಿಸುವ ಅಧಿಕಾರ. ಹೊರಗಿನ ಒತ್ತಡ ಸಹಿಯನ್ನು ತಂದಿದೆ, ಕೆಲವರ ಬಿಡುಗಡೆಯನ್ನು ತಂದಿದೆ. 1997ರಲ್ಲಿ ಚೀನಾದ ಅಧ್ಯಕ್ಷ ಜಿಯಾಂಗ್ ಝೆಮಿನ್ ಅಮೆರಿಕಕ್ಕೆ ಹೋಗುವ ಹೊತ್ತಿಗೆ ಆರ್ಥಿಕ ಹಕ್ಕುಗಳ ಒಡಂಬಡಿಕೆಗೆ ಸಹಿ ಬಿತ್ತು, ಅವರು ಮರಳಿದ ಮೇಲೆ ಸೆರೆಯಲ್ಲಿದ್ದ ಭಿನ್ನಮತೀಯ ವೇ ಜಿಂಗ್‌ಷೆಂಗ್ ಬಿಡುಗಡೆಯಾದರು. 1998ರ ಅಕ್ಟೋಬರ್‌ನಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೂ ಸಹಿ ಬಿತ್ತು. ಮೊದಲನೆಯದು 2001ರಲ್ಲಿ ಅನುಮೋದನೆಗೊಂಡಿತು, ಎರಡನೆಯದು ಈವರೆಗೂ ಇಲ್ಲ. ಅನ್ನದ ಹಕ್ಕಿಗೆ ಒಪ್ಪಿಗೆ, ಮಾತಿನ ಹಕ್ಕಿಗೆ ಕಾಯುವಿಕೆ. ಗೆರೆ ಎಲ್ಲಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಾಖಲೆ ಇಲ್ಲ.

ಷಿ ಜಿನ್‌ಪಿಂಗ್ 2012ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಮೇಲೆ ಕಾಯುವ ಕೆಲಸದ ಜೊತೆ ಕಟ್ಟುವ ಕೆಲಸವೂ ಸೇರಿತು. ಬೆಳಕನ್ನು ಮರೆಮಾಡಿ ಕಾಲ ಕಾಯಬೇಕು ಎಂಬ ಡೆಂಗ್ ಷಿಯಾವೊಪಿಂಗ್ ಕಾಲದ ಎಚ್ಚರಿಕೆ ಹಿಂದೆ ಸರಿಯಿತು. ಅಭಿವೃದ್ಧಿಯೇ ಎಲ್ಲ ಹಕ್ಕುಗಳಿಗೆ ಆಧಾರ ಎಂಬ ಧಾಟಿಯ ನಿರ್ಣಯವನ್ನು 2017ರಲ್ಲಿ, ಪರಸ್ಪರ ಲಾಭದ ಸಹಕಾರವೇ ಹಕ್ಕಿನ ದಾರಿ ಎಂಬ ನಿರ್ಣಯವನ್ನು 2018ರಲ್ಲಿ ಚೀನಾ ಮಂಡಳಿಯಲ್ಲಿ ಗೆಲ್ಲಿಸಿಕೊಂಡಿತು. ಮಾತು ಕೇಳಲು ಸೌಮ್ಯ. ಆದರೆ ಅದರೊಳಗೆ ಪ್ರಜೆ ಸರ್ಕಾರದ ಮೇಲೆ ದೂರು ಕೊಡುವ ಜಾಗವಿಲ್ಲ. ಸರ್ಕಾರಗಳು ಪರಸ್ಪರ ಬೆನ್ನು ತಟ್ಟುವ ಜಾಗ ಮಾತ್ರ ಇದೆ. ಕಾವೊ ಷುನ್‌ಲಿ ಎಂಬ ಹಕ್ಕುಪರ ಕಾರ್ಯಕರ್ತೆ ಮಂಡಳಿಯಲ್ಲಿ ಚೀನಾದ ದಾಖಲೆಯ ಪರಿಶೀಲನೆಗೆ ಮುನ್ನ, 2013ರ ಸೆಪ್ಟೆಂಬರ್‌ನಲ್ಲಿ, ಜಿನೀವಾ ವಿಮಾನ ಹತ್ತಲು ಹೊರಟಾಗ ಬೀಜಿಂಗ್‌ನಲ್ಲಿ ಬಂಧಿತರಾದರು, 2014ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಂಡಳಿಯಲ್ಲಿ ಅವರಿಗಾಗಿ ಒಂದು ನಿಮಿಷ ಮೌನ ಆಚರಿಸಲು ಮುಂದಾದಾಗ ಚೀನಾದ ಪ್ರತಿನಿಧಿ ಆಕ್ಷೇಪಿಸಿ ತಡೆದರು.

ಜುಟ್ಟಿನ ಮಲ್ಲಿಗೆಯ ಮಾತು

ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಏಕೆ ಎಂಬುದು ಚೀನಾ ಪರವಾದ ಅತಿ ಬಲವಾದ ವಾದ. ನಲವತ್ತು ವರ್ಷಗಳಲ್ಲಿ ಸುಮಾರು 80 ಕೋಟಿ ಜನ ಕಡು ಬಡತನದಿಂದ ಹೊರಬಂದರು ಎಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿದೆ. ಇದು ಮನುಷ್ಯ ಚರಿತ್ರೆಯ ದೊಡ್ಡ ಸಾಧನೆಗಳಲ್ಲಿ ಒಂದು. ಇದನ್ನು ಹಕ್ಕಿನ ಲೆಕ್ಕದಿಂದ ಹೊರಗಿಡುವವರು ಹಸಿವನ್ನು ಕಾಣದವರು. ಭಾರತಕ್ಕಿಂತ ಚೀನಾ ಶಾಲೆ, ಆರೋಗ್ಯ, ಪೌಷ್ಟಿಕತೆಗಳಲ್ಲಿ ಮುಂದಿದೆ ಎಂದು ಅಮರ್ತ್ಯ ಸೇನ್ ಪದೇ ಪದೇ ನಮಗೆ ನೆನಪಿಸಿದ್ದಾರೆ. ಆದರೆ ಅದೇ ಸೇನ್ ಇನ್ನೊಂದನ್ನೂ ತೋರಿಸಿದರು. ಸ್ವತಂತ್ರ ಭಾರತದಲ್ಲಿ ಆಗದ ಮಹಾಕ್ಷಾಮ ಚೀನಾದಲ್ಲಿ ಆಯಿತು, ಏಕೆಂದರೆ ಅಲ್ಲಿ ಜನ ಸಾಯುತ್ತಿದ್ದಾರೆ ಎಂದು ಬರೆಯುವ ಪತ್ರಿಕೆ ಇರಲಿಲ್ಲ, ಸದನದಲ್ಲಿ ಕೂಗುವ ವಿರೋಧ ಪಕ್ಷ ಇರಲಿಲ್ಲ. ಹಿಟ್ಟನ್ನು ಕಾಯುವುದೂ ಮಾತಿನ ಸ್ವಾತಂತ್ರ್ಯವೇ ಎಂದ ಮೇಲೆ ಅದನ್ನು ಮಲ್ಲಿಗೆಗೆ ಹೋಲಿಸುವುದು ಸರಿಯಾಗುವುದಿಲ್ಲ.

ಇದು ಚೀನಾದ ಒಳಗಿನ ಮಾತಾಗಿಯೂ ಉಳಿದಿಲ್ಲ. ವುಹಾನ್‌ನ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್ ಹೊಸ ಸೋಂಕಿನ ಬಗ್ಗೆ ಗೆಳೆಯರನ್ನು ಎಚ್ಚರಿಸಿದ್ದಕ್ಕೆ 2020ರ ಜನವರಿ 3ರಂದು ಪೊಲೀಸರು ಅವರನ್ನು ಕರೆಸಿ ಸುಳ್ಳು ಹಬ್ಬಿಸಿದ್ದಾಗಿ ಸಹಿ ಹಾಕಿಸಿಕೊಂಡರು. ಫೆಬ್ರುವರಿ 7ರಂದು ಅವರು ಅದೇ ಸೋಂಕಿನಿಂದ ಸತ್ತರು. ಮುಂದಿನ ಎರಡು ವರ್ಷ ನಮ್ಮ ಊರುಗಳ ಸ್ಮಶಾನಗಳಲ್ಲೂ ಜಾಗ ಸಾಲಲಿಲ್ಲ. ಆ ಸಹಿ ಇಲ್ಲದಿದ್ದರೆ ಸಾಂಕ್ರಾಮಿಕ ತಪ್ಪುತ್ತಿತ್ತು ಎಂದು ಯಾರೂ ಹೇಳಲಾರರು, ಆದರೆ ಒಬ್ಬ ವೈದ್ಯನ ಬಾಯಿ ಕಟ್ಟುವುದು ಆಂತರಿಕ ವಿಷಯ ಎಂದು ಇನ್ನು ಮುಂದೆ ಯಾರೂ ಹೇಳಬಾರದು.

ಪಶ್ಚಿಮದ ದೇಶಗಳಿಗೆ ಬೋಧಿಸುವ ಯೋಗ್ಯತೆ ಇದೆಯೇ ಎಂಬ ಆಕ್ಷೇಪ ಉಳಿಯಿತು. ಗ್ವಾಂಟನಾಮೊ ಸೆರೆಮನೆ, ಇರಾಕ್ ಯುದ್ಧ, ಮಾವೊ ಕಾಲದ ಆ ಮೌನ ಎಲ್ಲವೂ ಆಕ್ಷೇಪವನ್ನು ಗಟ್ಟಿ ಮಾಡುತ್ತವೆ, ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಆರೋಪ ಹೊರಿಸಿದವನ ಕೈ ಕೊಳೆಯಾಗಿದೆ ಎಂದರೆ ಪೆಟ್ಟು ತಿಂದವನ ಗಾಯ ಮಾಯುವುದಿಲ್ಲ. ಚಾರ್ಟರ್ 08ಕ್ಕೆ ಮೊದಲು ಸಹಿ ಹಾಕಿದ 303 ಮಂದಿ ಅಮೆರಿಕದವರಲ್ಲ, ಚೀನೀಯರು. ದೂರು ಅವರದು.

ಇತ್ಯರ್ಥವಾಗದೆ ಉಳಿದವು

ಪಕ್ಷದ ಉಳಿವಿನ ವಾದ ಬಹಳಷ್ಟನ್ನು ವಿವರಿಸುತ್ತದೆ, ಎಲ್ಲವನ್ನೂ ಅಲ್ಲ. ಚೀನಾ ತನ್ನ ಮಾದರಿಯನ್ನು ಲೋಕಕ್ಕೆ ಹಂಚಲು ಬಯಸುತ್ತದೆಯೇ ಅಥವಾ ತನ್ನಂಥ ಆಡಳಿತಗಳು ನಿರಾತಂಕವಾಗಿ ಬದುಕುವ ಲೋಕ ಸಾಕೆನ್ನುತ್ತದೆಯೇ ಎಂಬ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ; ಜೆಸಿಕಾ ಚೆನ್ ವೈಸ್ ಎರಡನೆಯದರ ಕಡೆ ವಾಲುತ್ತಾರೆ. ಹೊರಗಿನ ಒತ್ತಡ ಫಲ ಕೊಡುತ್ತದೆಯೇ ಎಂಬುದೂ ತೀರ್ಮಾನವಾಗಿಲ್ಲ. ಷಿನ್‌ಜಿಯಾಂಗ್‌ನ ಸರಕನ್ನು ತಡೆಯುವ ಅಮೆರಿಕದ ಕಾನೂನು 2022ರ ಜೂನ್‌ನಿಂದ ಜಾರಿಯಲ್ಲಿದೆ. ಅದರಿಂದ ಒಬ್ಬ ಉಯಿಗರ್ ಕೂಲಿಗಾದರೂ ಬಿಡುಗಡೆ ಸಿಕ್ಕಿತೇ ಎಂದು ಅಳೆಯಲು ಹೊರಗಿನವರಿಗೆ ಅಲ್ಲಿ ಮುಕ್ತ ಪ್ರವೇಶವಿಲ್ಲ. ಒಳಗಿನ ಒತ್ತಡ ಮಾತ್ರ ಈಗಲೂ ಕೆಲಸ ಮಾಡುತ್ತದೆ ಎಂಬ ಸೂಚನೆ ಇದೆ. ಕೋವಿಡ್ ದಿಗ್ಬಂಧನದಲ್ಲಿದ್ದ ಷಿನ್‌ಜಿಯಾಂಗ್‌ನ ಉರುಮ್ಚಿ ನಗರದ ಬೆಂಕಿ ಅನಾಹುತದಲ್ಲಿ ಹತ್ತು ಮಂದಿ ಸತ್ತ ಮೇಲೆ, 2022ರ ನವೆಂಬರ್ ಕೊನೆಯಲ್ಲಿ, ಹಲವು ನಗರಗಳಲ್ಲಿ ಯುವಜನ ಏನೂ ಬರೆಯದ ಬಿಳಿ ಹಾಳೆ ಹಿಡಿದು ಬೀದಿಯಲ್ಲಿ ನಿಂತರು. ಡಿಸೆಂಬರ್‌ನಲ್ಲಿ ಕೋವಿಡ್ ದಿಗ್ಬಂಧನಗಳು ಕಳಚಿಬಿದ್ದವು. ಆ ಹಾಳೆಗಳ ಪಾಲೆಷ್ಟು, ಸೋತುಹೋಗಿದ್ದ ಅರ್ಥವ್ಯವಸ್ಥೆಯ ಪಾಲೆಷ್ಟು ಎಂದು ಹೇಳುವುದು ಕಷ್ಟ.

ಭಾರತದ ನಿಲುವೂ ಇತ್ಯರ್ಥವಾಗದ ಪ್ರಶ್ನೆಗಳಲ್ಲಿ ಒಂದು. 2022ರ ಮತದಾನದ ಮರುದಿನ, ಒಂದೇ ದೇಶವನ್ನು ಗುರಿಮಾಡುವ ನಿರ್ಣಯಗಳಿಂದ ಪ್ರಯೋಜನವಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಷಿನ್‌ಜಿಯಾಂಗ್ ಜನರ ಹಕ್ಕುಗಳನ್ನು ಗೌರವಿಸಬೇಕು ಎಂದೂ ಸೇರಿಸಿತು. 2012 ಮತ್ತು 2013ರಲ್ಲಿ ಶ್ರೀಲಂಕಾ ವಿರುದ್ಧದ ನಿರ್ಣಯಗಳಿಗೆ ಇದೇ ಭಾರತ ಮತ ಹಾಕಿತ್ತು. ಕಾಶ್ಮೀರದ ಬಗ್ಗೆ 2018ರಲ್ಲಿ ಬಂದ ವಿಶ್ವಸಂಸ್ಥೆಯ ವರದಿಯನ್ನು ತಳ್ಳಿಹಾಕಿದ ನೆನಪು ಈ ಎಚ್ಚರಿಕೆಯ ಹಿಂದೆ ಇದೆ ಎಂದು ಊಹಿಸುವುದು ಕಷ್ಟವಲ್ಲ. ನಮ್ಮನ್ನು ಅಳೆಯಬಾರದು ಎಂದು ನಾವೂ ಹೇಳುತ್ತಾ ಹೋದರೆ ಚೀನಾದ ಹೊಸ ಅಳತೆಗೋಲಿಗೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ದಲೈಲಾಮಾ ಉತ್ತರಾಧಿಕಾರದ ಪ್ರಶ್ನೆ ಈ ನಿಲುವನ್ನು ಬೇಗ ಪರೀಕ್ಷೆಗೆ ಒಡ್ಡಲಿದೆ. ತಮ್ಮ ಪೀಠ ಮುಂದುವರಿಯುತ್ತದೆ, ಮರುಹುಟ್ಟನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋಡ್ರಾಂಗ್ ಟ್ರಸ್ಟ್‌ಗೆ ಮಾತ್ರ ಸೇರಿದ್ದು ಎಂದು 2025ರ ಜುಲೈನಲ್ಲಿ, ತೊಂಬತ್ತು ತುಂಬುವ ಹೊತ್ತಿಗೆ, ಅವರು ಸಾರಿದರು. ತನ್ನ ಒಪ್ಪಿಗೆ ಇಲ್ಲದೆ ಅದು ಆಗದು ಎಂದು ಬೀಜಿಂಗ್ ಹೇಳಿತು. ನಂಬಿಕೆಯ ವಿಷಯಗಳಲ್ಲಿ ತಾನು ಯಾವ ನಿಲುವೂ ತಾಳುವುದಿಲ್ಲ ಎಂದಿತು ಭಾರತ. ಈ ಜಗಳದ ಒಂದು ತುದಿ ಕರ್ನಾಟಕದಲ್ಲಿದೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, ಅಂದಿನ ಮೈಸೂರು ರಾಜ್ಯ ನಿರಾಶ್ರಿತರಿಗೆ ಕೊಟ್ಟ ನೆಲದಲ್ಲಿ ಬೆಳೆದ ಊರಿನಲ್ಲಿ, ತಾಶಿ ಲ್ಹುನ್‌ಪೊ ಮಠ ಮರುಸ್ಥಾಪನೆಗೊಂಡಿದೆ. ಟಿಬೆಟ್‌ನ ಶಿಗಾಟ್ಸೆಯ ಆ ಮೂಲ ಮಠ, ಟಿಬೆಟಿನ ಬೌದ್ಧರಲ್ಲಿ ದಲೈಲಾಮಾ ನಂತರದ ಗುರು ಎನಿಸಿದ ಪಂಚೆನ್ ಲಾಮಾರ ಪೀಠ. ಹನ್ನೊಂದನೆಯ ಪಂಚೆನ್ ಲಾಮಾ ಎಂದು ದಲೈಲಾಮಾ ಗುರುತಿಸಿದ ಗೆಧುನ್ ಚೋಕಿ ನ್ಯೀಮಾ ಎಂಬ ಆರು ವರ್ಷದ ಹುಡುಗನನ್ನು 1995ರ ಮೇ 17ರಂದು ಚೀನಾ ಸರ್ಕಾರ ಮನೆಯವರೊಂದಿಗೆ ಕರೆದೊಯ್ದಿತು. ಅಂದಿನಿಂದ ಹೊರಗಿನವರು ಯಾರೂ ಅವನನ್ನು ಕಂಡಿಲ್ಲ.